ಕಾರ್ಬೊರೇಟರ್ ಬಿಟ್ಟು ಪೈಪ್ ಸೀಳಿ ನೋಡಿದೆ, ಕಾರಂಜಾದಲ್ಲಿ ದೋಣಿ ಓಡಿತು

ಹೋದ ಭಾನುವಾರ ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದ ಹಿನ್ನೀರಿನಲ್ಲಿ ನನ್ನ ದೋಣಿ ಒಂದೂವರೆ ಗಂಟೆ ಒಂದೇ ಸಮನೆ ಓಡಿತು. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. "ಗುಜರಿಗೆ ಹಾಕು, ತೂಕಕ್ಕಾದರೂ ದುಡ್ಡು ಬರುತ್ತೆ" ಅಂದಿದ್ದ ಗೆಳೆಯರೇ ದಡದಲ್ಲಿ ನಿಂತು ನೋಡಿದರು. ನನಗೆ ಅಷ್ಟೇ ಸಾಕಾಗಿತ್ತು.

15 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್. ಭಾಲ್ಕಿ ಕಡೆಯ ಒಂದು ಕೊಟ್ಟಿಗೆಯಲ್ಲಿ ಆರೇಳು ವರ್ಷ ಬಿದ್ದಿತ್ತು, ಟ್ಯಾಂಕಿನಲ್ಲಿ ಪೆಟ್ರೋಲ್ ಸಮೇತ. ಸುಮಾರು 18 ಸಾವಿರಕ್ಕೆ ತಂದೆ. ಸ್ಟಾರ್ಟ್ ಆಗುತ್ತಿತ್ತು, ಥ್ರಾಟಲ್ ಕೊಟ್ಟ ಎರಡು ನಿಮಿಷಕ್ಕೆ ಸಾಯುತ್ತಿತ್ತು. ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಕೈಯಿಂದ ಒತ್ತುತ್ತಲೇ ಇದ್ದರೆ ಮಾತ್ರ ಓಡುತ್ತಿತ್ತು.

ಎಲ್ಲರಂತೆ ನಾನೂ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಮೇಲೆ ಬಿದ್ದೆ. ಮೂರು ಸಲ ಬಿಚ್ಚಿ ತೊಳೆದೆ. ಹೈದರಾಬಾದಿನ ಒಬ್ಬ ಮೆಕ್ಯಾನಿಕ್ 4 ಸಾವಿರ ತಗೊಂಡು ನಾಲ್ಕನೇ ಸಲ ತೊಳೆದ. ಆಮೇಲೆ ಹೊಸದೇ ಬೇಕು, 22 ಸಾವಿರ ಅಂದ. ಆ 4 ಸಾವಿರ ಇನ್ನೂ ಹೊಟ್ಟೆ ಉರಿಸುತ್ತದೆ.

ಆಸ್ಪತ್ರೆಯಲ್ಲಿ ಅಪ್ಪನಿಗೆ ಹಾಕಿದ್ದ ಡ್ರಿಪ್ ಬಾಟಲಿ ನೋಡುತ್ತಾ ಕೂತಾಗ ದಾರಿ ಹೊಳೆಯಿತು. ಮನೆಗೆ ಬಂದು ಆಯಿಲ್ ಬೆರೆಸಿದ ಪೆಟ್ರೋಲ್ ಬಾಟಲಿಯನ್ನು ಎಂಜಿನ್‌ಗಿಂತ ಎರಡು ಅಡಿ ಮೇಲೆ ಕಟ್ಟಿದೆ. ಟ್ಯಾಂಕ್, ಹಳೇ ಪೈಪ್ ಎರಡನ್ನೂ ಬಿಟ್ಟು ಎಂಜಿನ್‌ಗೆ ಪೆಟ್ರೋಲ್ ಎಳೆಯುವ ಪಂಪಿಗೆ ನೇರ ಕೊಟ್ಟೆ. ನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಚೆನ್ನಾಗಿ ಓಡಿತು! ಕಾರ್ಬೊರೇಟರಿನ ಮೇಲೆ ಸುಮ್ನೆ ಅಪವಾದ ಹೊರಿಸಿದ್ದೆ.

ಪೈಪನ್ನು ಉದ್ದಕ್ಕೆ ಸೀಳಿದೆ. ಹೊರಗೆ ಹೊಸದರಂತಿದ್ದರೂ ಒಳಪದರ ಎದ್ದು ನಾಲಿಗೆಯಂತೆ ಜೋತಿತ್ತು. ಪಂಪ್ ಎಳೆದಾಗ ಅದು ದಾರಿ ಮುಚ್ಚುತ್ತದೆ, ಕೈಯಿಂದ ಬಲ್ಬ್ ಒತ್ತಿದರೆ ಹೇಗೋ ಪೆಟ್ರೋಲ್ ನುಗ್ಗುತ್ತದೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಎಂಬ ಆಲ್ಕೋಹಾಲ್ ಹಳೇ ರಬ್ಬರಿಗೆ ಆಗಿಬರುವುದಿಲ್ಲ. ಎಷ್ಟಿದೆ ನೋಡೋಣ ಅಂತ 100 ಮಿ.ಲೀ. ಪೆಟ್ರೋಲಿಗೆ 10 ಮಿ.ಲೀ. ನೀರು ಹಾಕಿ ಕುಲುಕಿದೆ. ತಳದ ನೀರು ಹೆಚ್ಚು ಕಡಿಮೆ 30 ಮಿ.ಲೀ.ಗೆ ಏರಿತು. ಎಥೆನಾಲ್ ಎಲ್ಲಾ ನೀರಿನ ಜೊತೆ ಕೆಳಗಿಳಿದಿತ್ತು. ವರ್ಷಗಟ್ಟಲೆ ನಿಂತ ಟ್ಯಾಂಕಿನ ತಳ ಹೇಗಿರಬಹುದು, ಯೋಚಿಸಿ.

ಹೊಸ ಪೈಪಿನಲ್ಲೂ ಫುಲ್ ಥ್ರಾಟಲ್‌ಗೆ ಸೊರಗಿತು. ಪಂಪಿನೊಳಗೆ ಮಿಡಿದು ಪೆಟ್ರೋಲ್ ಎಳೆಯುವ ತೆಳು ಪೊರೆ, ಡಯಾಫ್ರಂ, ಸೆಟೆದಿತ್ತು. ಬಾಟಲಿ ಮೇಲಿದ್ದಾಗ ಪೆಟ್ರೋಲ್ ತಾನೇ ಇಳಿಯುತ್ತಿತ್ತಲ್ಲ, ಅದಕ್ಕೇ ಈ ದೋಷ ಕಂಡಿರಲಿಲ್ಲ.

ಕಾರ್ಬೊರೇಟರಿನೊಳಗೆ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ಹಿತ್ತಾಳೆಯ ಫ್ಲೋಟ್ ಕೂಡ ತೂತು. ಬಿಸಿನೀರಲ್ಲಿ ಮುಳುಗಿಸಿದರೆ ಗುಳ್ಳೆ ಬಂತು. ಒಳಗಿನ ಪೆಟ್ರೋಲ್ ಪೂರ್ತಿ ಆರುವ ತನಕ ಬೆಂಕಿ ಹತ್ತಿರ ಒಯ್ಯಲಿಲ್ಲ. ಬೀದರಿನ ಹಳೇ ಊರಲ್ಲಿ ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಉಜ್ಜಿ, ಸಾಸಿವೆಯಷ್ಟು ತವರದಲ್ಲಿ ಮುಚ್ಚಿಕೊಟ್ಟರು. 100 ರೂಪಾಯಿ. ತವರ ಜಾಸ್ತಿ ಆದರೆ ಫ್ಲೋಟ್ ಭಾರವಾಗಿ ಪೆಟ್ರೋಲ್ ಉಕ್ಕುತ್ತದೆ. ಅಷ್ಟು ನಾಜೂಕು ಕೈ ಅವರದು.

ಟ್ಯಾಂಕಿನ ತುಕ್ಕಿಗೆ ಹುಣಸೆ ನೀರು ಎರಡು ದಿನ ಬಿಟ್ಟೆ. ಫಳಫಳ ಹೊಳೆಯಿತು, ಬೆಳಗಾಗುವಷ್ಟರಲ್ಲಿ ಮತ್ತೆ ಕೆಂಪು. ಎರಡನೇ ಸಲ ಸೋಡಾ ನೀರಲ್ಲಿ ತೊಳೆದು, ಬಿಸಿಗಾಳಿ ಹಾಯಿಸಿ, ಕೂಡಲೇ ಆಯಿಲ್ ಸವರಿದೆ. ಒಳಗೆ ಏನು ಹಾಕಿ ಕುಲುಕಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಪೈಪ್, ಬಲ್ಬ್, ಪಂಪ್ ಕಿಟ್, ಗ್ಯಾಸ್ಕೆಟ್ ಎಲ್ಲಾ ಸೇರಿ 4 ಸಾವಿರದ ಆಸುಪಾಸು. ಒಳಗೆ ಪೆಟ್ರೋಲ್ ನಿಲ್ಲಬಾರದು ಅಂತ ಈಗ ದಡಕ್ಕೆ ಬರುವಾಗ ಪೈಪ್ ಕಳಚಿ, ಕಾರ್ಬೊರೇಟರ್ ಖಾಲಿಯಾಗಿ ಎಂಜಿನ್ ತಾನೇ ನಿಲ್ಲುವ ತನಕ ಕಾಯುತ್ತೇನೆ.