ಮಣಿಪುರದಿಂದ ಬಂದವರ ಜೊತೆ ಕೋಲಾರದಲ್ಲಿ: ಮೊದಲು ಕಾಗದ, ಆಮೇಲೆ ಬಟ್ಟೆ

ನಾನು ಕೋಲಾರದಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್. ವಕೀಲೆ ಅಲ್ಲ, ಜನರಿಗೂ ಕಚೇರಿಗಳಿಗೂ ನಡುವೆ ಓಡಾಡುವವಳು. 2023ರ ಮೇ 3ರಂದು ಮಣಿಪುರದಲ್ಲಿ ಮೈತೇಯಿ, ಕುಕಿ ಸಮುದಾಯಗಳ ನಡುವೆ ಹಿಂಸೆ ಶುರುವಾದ ಮೇಲೆ ಸುಮಾರು 60,000 ಜನ ಮನೆ ಬಿಟ್ಟರು. ಜಾಸ್ತಿ ಜನ ಅಲ್ಲಿನ ಶಿಬಿರಗಳಲ್ಲೇ ಉಳಿದರು. ಕೆಲವರು ನೆಂಟರು ಕೆಲಸಕ್ಕಿದ್ದ ಊರುಗಳಿಗೆ ಹೊರಟರು. ಹಾಗೆ ಬೆಂಗಳೂರಿಗೆ ಬಂದು, ಅಲ್ಲಿನ ಬಾಡಿಗೆ ಕಟ್ಟಲಾಗದೆ, ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿ ಕೆಲಸ ಹುಡುಕಿಕೊಂಡು ಬಂದ ಕೆಲವು ಕುಟುಂಬಗಳ ಜೊತೆ ನಾನು ಓಡಾಡಿದ್ದೇನೆ.

ವಿಷಯ ಗೊತ್ತಾದ ಕೂಡಲೇ ನಮ್ಮ ಜನ ಮೂಟೆಗಟ್ಟಲೆ ಹಳೆ ಸೀರೆ ತಂದುಕೊಟ್ಟರು. ಮನಸ್ಸು ಒಳ್ಳೆಯದೇ. ಆದರೆ ಆ ಹೆಂಗಸರು ಸೀರೆ ಉಡುವವರಲ್ಲ. ಅವರಿಗೆ ಬೇಕಿದ್ದದ್ದು ಕುಕ್ಕರ್, ಸೊಳ್ಳೆ ಪರದೆ, ಪ್ಯಾಡ್, ಮನೆ ಅಡ್ವಾನ್ಸಿಗೆ ದುಡ್ಡು. ಒಂದು ಮಾತು ಕೇಳಿದ್ದರೆ ಅವರೇ ಹೇಳುತ್ತಿದ್ದರು ಅಲ್ವಾ? ದುಡ್ಡು ಕೊಡುವುದಾದರೆ ಕೈಗೇ ಕೊಡಿ, ಏನು ತರಬೇಕು ಅಂತ ಅವರಿಗೆ ಗೊತ್ತು.

ಆದರೆ ಅವರನ್ನು ದಿನಾ ಕಾಡುತ್ತಿದ್ದದ್ದು ಕಾಗದ. ಮನೆಯ ಜೊತೆ ಆಧಾರ್, ಮಾರ್ಕ್ಸ್ ಕಾರ್ಡ್, ಮಕ್ಕಳ ಜನನ ಪತ್ರ ಎಲ್ಲಾ ಸುಟ್ಟುಹೋಗಿವೆ. ಫೋನ್ ಕಳೆದುಹೋಗಿ ನಂಬರೂ ಹೋಗಿದೆ, ಹಾಗಾಗಿ ಒಟಿಪಿ ಬರುವುದಿಲ್ಲ. ಒಟಿಪಿ ಇಲ್ಲದೆ ಇವತ್ತು ಯಾವ ಕೆಲಸ ಆಗುತ್ತೆ ಹೇಳಿ. ನಾನು ಎಲ್ಲರನ್ನೂ ಮೊದಲು ಕರೆದುಕೊಂಡು ಹೋಗುವುದು ಆಧಾರ್ ಕೇಂದ್ರಕ್ಕೆ. ಹೊಸ ಮೊಬೈಲ್ ನಂಬರ್ ಸೇರಿಸಲು ಬೆರಳಚ್ಚು ಸಾಕು, ಬೇರೆ ದಾಖಲೆ ಬೇಡ. ಅದೊಂದು ಆದರೆ ಉಳಿದ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಸಿಬಿಎಸ್‌ಇಯಲ್ಲಿ ಓದಿದವರ ಅಂಕಪಟ್ಟಿ, ಸರ್ಕಾರದ ದಾಖಲೆಗಳ ಆ್ಯಪ್ ಡಿಜಿಲಾಕರ್‌ನಲ್ಲೇ ಸಿಗುತ್ತದೆ.

ಆಮೇಲೆ ರೇಷನ್. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ, ಅಲ್ಲಿನ ಕಾರ್ಡಿಗೆ ಆಧಾರ್ ಜೋಡಣೆ ಆಗಿದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಕೇಂದ್ರದ ಪಾಲಿನ ಧಾನ್ಯ ಸಿಗಬೇಕು, ಆದ್ಯತಾ ಕಾರ್ಡಿಗೆ ತಲೆಗೆ 5 ಕೆ.ಜಿ. ಒಬ್ಬ ತಾಯಿಯನ್ನು ಕರೆದುಕೊಂಡು ಹೋದಾಗ ಅಂಗಡಿಯವರು ಕಾರ್ಡ್ ನೋಡಿಯೇ "ಇದು ನಮ್ದಲ್ಲ ಮೇಡಂ" ಅಂದರು. ನಂಬರ್ ಹಾಕಿ ನೋಡಿ ಅಂತ ನಾನೂ ಬಿಡಲಿಲ್ಲ. ಹಾಕಿದರು. ಹೆಬ್ಬೆಟ್ಟು ಕೊಟ್ಟರೆ ಮೆಷಿನ್ ತಗೊಳ್ಳಲಿಲ್ಲ. "ಕೈ ತೊಳ್ಕೊಂಡು ಬನ್ನಮ್ಮ" ಅಂತ ಅವರೇ ಚೊಂಬಲ್ಲಿ ನೀರು ಕೊಟ್ಟರು. ಒರೆಸಿಕೊಂಡು ಮತ್ತೆ ಇಟ್ಟಾಗ ಪರದೆಯ ಮೇಲೆ ಮನೆಯವರ ಹೆಸರು ಸಾಲಾಗಿ ಬಂತು. ಆಕೆಗೆ ಮಾತ್ರ ಇನ್ನೂ ಭಯ: ಇಲ್ಲಿ ತಗೊಂಡರೆ ಊರಲ್ಲಿರುವ ಅತ್ತೆಯ ಪಾಲು ಹೋಗುತ್ತಾ? ಹೋಗುವುದಿಲ್ಲ. ಇಲ್ಲಿ ಬೇಕಾದಷ್ಟು ತಗೊಂಡು ಉಳಿದದ್ದನ್ನು ಅಲ್ಲಿರುವವರು ಅದೇ ಕಾರ್ಡಿನಲ್ಲಿ ತಗೊಳ್ಳಬಹುದು. ನನ್ನ ಮುರುಕು ಹಿಂದಿಯಲ್ಲಿ ಇಷ್ಟನ್ನು ಹೇಳಿದ ಮೇಲೆಯೇ ಆಕೆ ಚೀಲ ಬಿಡಿಸಿದ್ದು.

ಗ್ಯಾಸಿಗೆ ವಿಳಾಸದ ಪುರಾವೆ ಕೇಳುತ್ತಾರೆ. ಬಾಡಿಗೆ ಕರಾರು ಆಗುವವರೆಗೆ 5 ಕೆ.ಜಿ. ಸಣ್ಣ ಸಿಲಿಂಡರ್ ತಗೊಳ್ಳಿ, ಅದಕ್ಕೆ ಗುರುತಿನ ಚೀಟಿ ಇದ್ದರೆ ಸಾಕು.

ಶಾಲೆಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಒಂದು ಶಾಲೆಯಲ್ಲಿ ಟಿಸಿ ತನ್ನಿ, ಆಮೇಲೆ ನೋಡೋಣ ಅಂದರು. ಎಲ್ಲಿಂದ ತರುವುದು? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14ರ ಮಗುವಿಗೆ ಟಿಸಿ ತಡವಾಯಿತು ಅಂತಲೋ ವಯಸ್ಸಿನ ದಾಖಲೆ ಇಲ್ಲ ಅಂತಲೋ ದಾಖಲಾತಿ ನಿರಾಕರಿಸುವ ಹಾಗಿಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಆ ಸೆಕ್ಷನ್‌ಗಳ ಪ್ರಿಂಟ್ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಜಗಳ ಬೇಡ, ಮೇಜಿನ ಮೇಲಿಟ್ಟು ಓದಿ ಅನ್ನುತ್ತೇನೆ. ಮಕ್ಕಳು ಕನ್ನಡ ಬೇಗ ಕಲಿಯುತ್ತಾರೆ, ಆದರೆ ಬಣ್ಣ, ಕಣ್ಣು ನೋಡಿ ಅಡ್ಡಹೆಸರಿಟ್ಟು ಕರೆಯುವುದನ್ನು ನಿಲ್ಲಿಸಿ ಅಂತ ಮೇಷ್ಟ್ರಿಗೆ ಮೊದಲ ದಿನವೇ ಹೇಳಬೇಕು.

ಯಾರಿಗೂ ನೀವು ಯಾವ ಕಡೆಯವರು ಅಂತ ನಾನು ಕೇಳುವುದಿಲ್ಲ. ಮೈತೇಯಿ ಇರಲಿ ಕುಕಿ ಇರಲಿ, ಮನೆ ಸುಟ್ಟವರ ಮುಂದೆ ಆ ಪ್ರಶ್ನೆ ಬೇಡ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕೊಡುವುದಿಲ್ಲ. ಅಕ್ಕಿ ಕೊಡುವ ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ ಅಂತ ದಾನಿಗಳಿಗೂ ಹೇಳುತ್ತೇನೆ. ಕೆಲವರಿಗೆ ಬೇಜಾರಾಗಿದೆ, ಆಗಲಿ. ಊರಲ್ಲಿ ಇನ್ನೂ ಜನ ಇದ್ದಾರೆ, ಇಲ್ಲಿ ಹಾಕಿದ ಮುಖ ಅಲ್ಲಿ ಯಾರ ಫೋನಿಗೆ ಹೋಗುತ್ತೋ ಗೊತ್ತಿಲ್ಲ.

ಸುಟ್ಟ ಮನೆಯ ಫೋಟೋ, ಎಫ್‌ಐಆರ್ ಪ್ರತಿ ಇದ್ದರೆ ಇಮೇಲಿಗೆ ಹಾಕಿಡಿಸಿ, ಪರಿಹಾರ ಕೇಳುವಾಗ ಬೇಕಾಗುತ್ತದೆ. ಎಫ್‌ಐಆರ್ ಆಗಿಲ್ಲದಿದ್ದರೆ ಝೀರೋ ಎಫ್‌ಐಆರ್, ಅಂದರೆ ಘಟನೆ ಎಲ್ಲೇ ನಡೆದಿದ್ದರೂ ದಾಖಲಿಸುವ ದೂರು, ಯಾವ ಠಾಣೆಯಲ್ಲಾದರೂ ಕೊಡಬಹುದು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಜನಾಂಗೀಯ ಹಿಂಸೆಗೆ ಸಿಕ್ಕವರು ಅಂತಲೇ ಇದೆ. ಅವರಿಗೆ ವಕೀಲರು ಉಚಿತ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

14 ದಾಟಿದವರದ್ದೇ ಕಷ್ಟ, ಶಿಕ್ಷಣ ಹಕ್ಕು ಅವರಿಗಿಲ್ಲ. ಒಬ್ಬ ಹುಡುಗ ಓದು ಬಿಟ್ಟು ಕೆಲಸಕ್ಕೆ ಹೋಗುತ್ತೇನೆ ಅಂತ ಕೂತಿದ್ದ. ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಇಂಗ್ಲಿಷ್‌ನಲ್ಲೇ ಹತ್ತನೇ ತರಗತಿ ಬರೆಯಬಹುದು ಅಂತ ಗೊತ್ತಾದ ಮೇಲೆ ಒಪ್ಪಿದ್ದಾನೆ. ಈಗ ಅವನ ಅರ್ಜಿ ತುಂಬುತ್ತಿದ್ದೇವೆ. ಕೋಲಾರದ ಕಡೆ ಸಂಜೆ ಹೊತ್ತು ಅವನಿಗೆ ಗಣಿತ ಹೇಳಿಕೊಡುವವರು ಯಾರಾದರೂ ಇದ್ದರೆ ತಿಳಿಸಿ.