‘ತುಂಬಾ ಚೆನ್ನಾಗಿತ್ತು’ ಎಂಬಲ್ಲಿಂದ ಮುಂದಕ್ಕೆ: ಮಕ್ಕಳಿಗೆ ಬಣ್ಣಿಸುವ ಪದಗಳನ್ನು ಕಲಿಸುವುದು ಹೇಗೆ?

ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷಾ ಮಾಧ್ಯಮಗಳಲ್ಲಿ ನಡೆಸುವ ಶಾಲೆಗಳಲ್ಲಿ ಕನ್ನಡ ಶಾಲೆಗಳೂ ಸೇರಿವೆ. ಅಲ್ಲಿನ ಐದರಿಂದ ಏಳನೆಯ ತರಗತಿಯ ಮಗುವಿಗೆ ‘ಮಳೆಗಾಲದ ಒಂದು ದಿನ’ ಎಂಬ ವಿಷಯ ಕೊಟ್ಟರೆ, ‘ಮಳೆ ಜೋರಾಗಿ ಬಂತು, ತುಂಬಾ ಚೆನ್ನಾಗಿತ್ತು, ನಮಗೆ ಖುಷಿಯಾಯಿತು’ ಎಂದು ಬರೆದು ಪೆನ್ನು ಕೆಳಗಿಡುವುದುಂಟು. ಆ ಮಗು ಕಂಡದ್ದೇನೂ ಕಡಿಮೆಯಲ್ಲ. ದಾದರ್ ಬಳಿಯ ತಗ್ಗು ಪ್ರದೇಶವಾದ ಹಿಂದ್‌ಮಾತಾದಲ್ಲಿ ನಿಂತ ನೀರು, ಲೋಕಲ್ ರೈಲಿನ ಬಾಗಿಲಿಂದ ಎರಚುವ ಹನಿ, ಒಣಗದ ಸಮವಸ್ತ್ರದ ಮುಗ್ಗು ವಾಸನೆ ಎಲ್ಲವೂ ಅದಕ್ಕೆ ಗೊತ್ತು. ಆದರೆ ಮನೆಯಲ್ಲಿ ತುಳುವನ್ನೋ ಉತ್ತರ ಕರ್ನಾಟಕದ ಕನ್ನಡವನ್ನೋ, ವಾಸದ ವಠಾರವಾದ ಚಾಳಿನಲ್ಲಿ ಮರಾಠಿಯನ್ನೋ ಹಿಂದಿಯನ್ನೋ ಆಡುವ ಮಗುವಿಗೆ, ಕಂಡದ್ದನ್ನು ಬರೆಯಲು ಬೇಕಾದ ಕನ್ನಡದ ಪದ ಆ ಗಳಿಗೆಗೆ ಒದಗಿ ಬರುವುದಿಲ್ಲ.

ಇದಕ್ಕೆ ನಾವು ಸಾಮಾನ್ಯವಾಗಿ ಮಾಡುವ ಮದ್ದು ಗುಣವಾಚಕಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವುದು. ಅದರ ಫಲವಾಗಿ ‘ಸುಂದರವಾದ, ಮನೋಹರವಾದ, ರಮಣೀಯವಾದ ಸಮುದ್ರ’ ಎಂಬಂಥ ವಾಕ್ಯಗಳು ಬರುತ್ತವೆ. ಮೂರು ವಿಶೇಷಣಗಳಿದ್ದರೂ ಸಮುದ್ರ ಕಣ್ಣಿಗೆ ಕಟ್ಟುವುದಿಲ್ಲ. ಆದ್ದರಿಂದ ವಸ್ತು ಮೊದಲು, ಪದ ಆಮೇಲೆ ಎಂಬ ಕ್ರಮವನ್ನು ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಹೆಜ್ಜೆಯಾಗಿ ಒಂದು ವಸ್ತುವನ್ನು ತರಗತಿಗೆ ತನ್ನಿ. ಒಣಗಿಸಿದ ಕೋಕಂ ಸಿಪ್ಪೆ ಇದಕ್ಕೆ ಬಹಳ ಅನುಕೂಲ; ಮುಂಬಯಿಯ ಕಿರಾಣಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಕರಾವಳಿಯ ಮನೆಗಳಲ್ಲಿ ಪುನರ್ಪುಳಿ ಎಂದು ಪರಿಚಿತವಾಗಿದೆ. ಮಕ್ಕಳು ಮೊದಲು ಕಣ್ಣು ಮುಚ್ಚಿ ಮುಟ್ಟಲಿ, ಮೂಸಲಿ, ಚೂರು ನಾಲಗೆಗೆ ಹಚ್ಚಿಕೊಳ್ಳಲಿ, ನೋಡುವುದು ಕೊನೆಗೆ. ಕಣ್ಣಿಗೆ ಮೊದಲ ಅವಕಾಶ ಕೊಟ್ಟರೆ ಬಣ್ಣ ಹೇಳಿದ ಕೂಡಲೇ ಬಣ್ಣನೆ ಮುಗಿಯಿತೆಂದು ಮಕ್ಕಳು ಭಾವಿಸುತ್ತಾರೆ. ಯಾವ ಭಾಷೆಯ ಪದ ಬಂದರೂ ತಡೆಯದೆ ಹಲಗೆಯ ಮೇಲೆ ಬರೆಯಿರಿ. ಮರಾಠಿಯ ‘ಚಿಕಟ್’ ಪಕ್ಕದಲ್ಲಿ ‘ಜಿಗುಟು’, ‘ಆಂಬಟ್’ ಪಕ್ಕದಲ್ಲಿ ‘ಹುಳಿ’ ಬರಲಿ. ತುಳುವಿನ ‘ಪುಳಿ’ ಎಂಬ ರೂಪವೇ ಹಳಗನ್ನಡದಲ್ಲೂ ಇತ್ತೆಂದು ತಿಳಿಸಿದರೆ, ಮನೆಮಾತಿನ ಬಗ್ಗೆ ಅಳುಕುವ ಮಗು ತಲೆಯೆತ್ತಿ ಕೂರುತ್ತದೆ. ಇಷ್ಟಾಗುವ ಹೊತ್ತಿಗೆ ಸುಕ್ಕು, ಮುದುಡಿದ, ಒಗರು, ಕಡುನೇರಳೆ ಮೊದಲಾದ ಪದಗಳು ಒಂದೊಂದಾಗಿ ಸೇರಿರುತ್ತವೆ.

ಎರಡನೆಯದು, ಪದಗಳನ್ನು ಏಣಿಯಂತೆ ಜೋಡಿಸುವುದು. ತಣ್ಣಗೆ, ಉಗುರುಬೆಚ್ಚಗೆ, ಬೆಚ್ಚಗೆ, ಬಿಸಿ, ಸುಡುಬಿಸಿ ಎಂದು ಚೀಟಿಗಳಲ್ಲಿ ಬರೆದು ಐದು ಮಕ್ಕಳಿಗೆ ಕೊಟ್ಟು, ಕ್ರಮವಾಗಿ ನಿಲ್ಲಲು ಹೇಳಿ. ಮಳೆಯ ಪದಗಳಿಗೆ ಬಂದಾಗ ಈ ಆಟ ಇನ್ನೂ ರಂಗೇರುತ್ತದೆ, ಏಕೆಂದರೆ ತುಂತುರು, ಜಿಟಿಜಿಟಿ, ಜಡಿಮಳೆ, ಬಿರುಮಳೆ ಎಂಬವು ಒಂದೇ ಸಾಲಿನಲ್ಲಿ ನಿಲ್ಲಲು ಒಪ್ಪುವುದಿಲ್ಲ. ತುಂತುರು ಹನಿಯ ಗಾತ್ರವನ್ನು ಹೇಳುತ್ತದೆ, ಜಿಟಿಜಿಟಿ ಬಿಡದೆ ಸುರಿಯುವುದನ್ನು ಸೂಚಿಸುತ್ತದೆ, ಬಿರುಮಳೆಯಲ್ಲಿ ರಭಸವಿದೆ. ಮಕ್ಕಳು ಜಗಳಕ್ಕೆ ನಿಂತರೆ ನಿಲ್ಲಲಿ, ತೀರ್ಪು ಕೊಡಲು ಅವಸರ ಬೇಡ. ಪದದ ತೂಕ ತಿಳಿಯುವುದು ಆ ವಾದದಲ್ಲಿಯೇ.

ಬಣ್ಣಗಳಿಗೂ ಇಂಥದೇ ಏಣಿಯಿದೆ. ನಸು, ತಿಳಿ, ಎಳೆ, ಕಡು ಎಂಬ ಪೂರ್ವಪದಗಳನ್ನು ಕೊಟ್ಟರೆ ನಸುಗೆಂಪು, ತಿಳಿನೀಲಿ, ಎಳೆಹಸಿರು, ಕಡುಗೆಂಪು ಎಂದು ಮಕ್ಕಳೇ ಪದ ಕಟ್ಟುತ್ತಾರೆ; ‘ಕೆಂಪು’ ಎಂಬುದು ‘ಗೆಂಪು’ ಆದದ್ದೇಕೆ ಎಂದು ಅವರು ಕೇಳಿದ ಗಳಿಗೆಯೇ ಆದೇಶ ಸಂಧಿಯನ್ನು ಹೇಳಿಕೊಡಲು ಒಳ್ಳೆಯ ಸಮಯ. ದಾದರ್‌ನ ಹೂವಿನ ಮಾರುಕಟ್ಟೆಗೆ ಒಂದು ಬೆಳಗ್ಗೆ ಕರೆದೊಯ್ಯಲು ಸಾಧ್ಯವಾದರೆ ಈ ಪದಗಳ ಪರೀಕ್ಷೆ ಅಲ್ಲಿಯೇ ಆಗಿಬಿಡುತ್ತದೆ.

ಮೂರನೆಯ ಹೆಜ್ಜೆಗೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ಕನ್ನಡದ ಬಣ್ಣನೆಯ ಶಕ್ತಿ ಗುಣವಾಚಕಗಳಲ್ಲಿರುವಷ್ಟೇ ‘ದಡದಡ’ದಂಥ ಅನುಕರಣಾವ್ಯಯಗಳಲ್ಲೂ ಕ್ರಿಯಾಪದಗಳಲ್ಲೂ ಇದೆ. ‘ರೈಲು ಬಂತು’ ಎಂಬುದು ‘ರೈಲು ದಡದಡನೆ ಬಂದು ನಿಂತಿತು’ ಎಂದಾದಾಗ ಕಿವಿ ಎಚ್ಚರಗೊಳ್ಳುತ್ತದೆ. ಕಾದ ಎಣ್ಣೆಗೆ ಬಟಾಟೆವಡೆ ಬಿಟ್ಟಾಗ ಅದು ಚೊಯ್ ಎನ್ನುತ್ತದೆ. ಈ ಅವ್ಯಯಗಳು ಸದ್ದಿಗಷ್ಟೇ ಮೀಸಲಲ್ಲ: ಥಳಥಳ ಕಣ್ಣಿಗೆ, ಘಮಘಮ ಮೂಗಿಗೆ, ಚುರುಚುರು ಬಿಸಿಲಿಗೂ ಹಸಿವಿಗೂ ಸಲ್ಲುತ್ತದೆ. ಹಲಗೆಯ ಮೇಲೆ ಐದು ಇಂದ್ರಿಯಗಳಿಗೆ ಐದು ಅಂಕಣ ಎಳೆದು, ಒಂದೊಂದು ಪದ ಎಲ್ಲಿ ಸೇರುತ್ತದೆಂದು ಮಕ್ಕಳನ್ನೇ ಕೇಳಿ. ಕ್ರಿಯಾಪದಗಳಿಗೂ ಇದೇ ಗಮನ ಸಲ್ಲಬೇಕು. ಸಂಜೆ ದಾದರ್ ನಿಲ್ದಾಣದಲ್ಲಿ ಜನ ‘ವೇಗವಾಗಿ ಹೋಗುತ್ತಾರೆ’ ಎನ್ನುವ ಬದಲು ನುಗ್ಗುತ್ತಾರೆಯೇ, ತೂರಿಕೊಳ್ಳುತ್ತಾರೆಯೇ, ಕಾಲೆಳೆಯುತ್ತಾರೆಯೇ ಎಂದು ಕೇಳಿದರೆ, ಮಗು ತಾನು ನೋಡಿದ್ದನ್ನು ಮತ್ತೊಮ್ಮೆ ಮನಸ್ಸಿನಲ್ಲಿ ನೋಡುತ್ತದೆ.

ನಾಲ್ಕನೆಯದಾಗಿ ಒಗಟು ಬರೆಸಿ. ವಸ್ತುವಿನ ಹೆಸರನ್ನೂ ‘ತುಂಬಾ’, ‘ಚೆನ್ನಾಗಿ’, ‘ಸುಂದರ’ ಎಂಬ ಪದಗಳನ್ನೂ ಬಳಸದೆ ಐದು ವಾಕ್ಯಗಳಲ್ಲಿ ಬಣ್ಣಿಸಬೇಕು, ಗೆಳೆಯರು ಅದು ಏನೆಂದು ಹೇಳಬೇಕು. ಗೆಳೆಯರಿಗೆ ತಿಳಿಯದಿದ್ದರೆ ಅಂಕ ಕಳೆಯದೆ, ಇನ್ನೊಂದು ವಾಕ್ಯ ಸೇರಿಸಲು ಹೇಳಿ.

ತಿದ್ದುವಾಗ ಶಿಕ್ಷಕರು ಕೆಂಪು ಶಾಯಿಯಲ್ಲಿ ತಮ್ಮ ಪದವನ್ನು ಬರೆದುಕೊಡಬಾರದು. ಸಪ್ಪೆಯಾದ ಪದದ ಕೆಳಗೆ ಗೆರೆ ಎಳೆದು ‘ಹೇಗಿತ್ತು?’ ಎಂದು ಕೇಳಿದರೆ ಸಾಕು. ಒಂದು ನಾಮಪದದ ಹಿಂದೆ ಎರಡು ವಿಶೇಷಣಗಳಿದ್ದರೆ ಯಾವುದನ್ನು ಉಳಿಸಿಕೊಳ್ಳಬೇಕೆಂದು ಮಗುವೇ ಆರಿಸಲಿ. ವಾರಕ್ಕೆ ಐದಾರು ಹೊಸ ಪದಗಳಿಗಿಂತ ಹೆಚ್ಚು ಬೇಡ. ಆದರೆ ಅದೇ ಪದಗಳು ಎರಡು ವಾರಗಳ ನಂತರ ಬೇರೆ ವಿಷಯದ ಬರಹದಲ್ಲಿ ಮರಳಿ ಬರುವಂತೆ ಪಾಠವನ್ನು ಹೆಣೆಯಬೇಕು, ಏಕೆಂದರೆ ಕೇಳಿದಾಗ ಅರ್ಥವಾಗುವ ಪದ ಬರೆಯುವಾಗ ತಾನಾಗಿ ಬರಲು ಮತ್ತೆ ಮತ್ತೆ ಬಳಕೆಯಾಗಬೇಕು.

ಜೂನ್ ಮಧ್ಯದಲ್ಲಿ ಶಾಲೆ ಆರಂಭವಾದಾಗ ಬರೆಸಿದ ಮಳೆಯ ಪ್ರಬಂಧವನ್ನು ಎಸೆಯದೆ ಎತ್ತಿಡಿ. ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಹಿಂದೆ ಸರಿಯುವ ಹೊತ್ತಿಗೆ, ಅದೇ ವಿಷಯವನ್ನು ಮತ್ತೊಮ್ಮೆ ಬರೆಸಿ, ಎರಡೂ ಹಾಳೆಗಳನ್ನು ಮಗುವಿನ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ.