ಟೇಕಾಫ್ ಹೊತ್ತಿನಲ್ಲಿ ಬಲಗೈ ಎಲ್ಲಿರಬೇಕು?

ಹಾಸನ, ಚಿಕ್ಕಮಗಳೂರಿನಿಂದ ಪೈಲಟ್ ತರಬೇತಿಗೆ ಹೊರಟವರಿಗೂ ಮನೆಯಲ್ಲೇ ಸಿಮ್ಯುಲೇಟರ್ ಹಾರಿಸುವವರಿಗೂ ಒಂದು ಮಾತು ಮೊದಲೇ ತಿಳಿದಿರಲಿ. ಸಣ್ಣ ವಿಮಾನದಲ್ಲಿ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿ) ಮೇಲಿಟ್ಟ ಕೈ ತೆಗೆಯಬಾರದು. ಜೆಟ್‌ನಲ್ಲಿ ಒಂದು ವೇಗ ಬಂದ ಕೂಡಲೇ ತೆಗೆಯಲೇಬೇಕು.

ತರಬೇತಿಯ ಸಣ್ಣ ವಿಮಾನ ಸೆಸ್ನಾ 172ರಲ್ಲಿ ಎಡ ಸೀಟಿನವರ ಎಡಗೈ ಯೋಕ್ (ವಿಮಾನದ ಸ್ಟಿಯರಿಂಗ್) ಮೇಲೆ, ಬಲಗೈ ಕಪ್ಪು ಥ್ರಾಟಲ್ ನಾಬ್ ಮೇಲೆ. ನಾಬನ್ನು ಎರಡು ಮೂರು ಸೆಕೆಂಡಿನಲ್ಲಿ ಒಂದೇ ಸಮನೆ ಪೂರ್ತಿ ಒಳಗೆ ತಳ್ಳಿ, ಅಂಗೈಯನ್ನು ಅದರ ಹಿಂದೆಯೇ ಒತ್ತಿ ಹಿಡಿಯಿರಿ. ಹಳೇ ಟ್ರ್ಯಾಕ್ಟರಿನ ಕೈ ಆಕ್ಸಿಲರೇಟರ್ ಸಡಿಲವಾದರೆ ಅಲುಗಾಟಕ್ಕೆ ತಾನೇ ಹಿಂದೆ ಜಾರುತ್ತದಲ್ಲ, ಇಲ್ಲೂ ಹಾಗೆಯೇ. ನಾಬ್ ಬುಡದಲ್ಲಿರುವ ಫ್ರಿಕ್ಷನ್ ಬಳೆಯನ್ನು ಬಲಕ್ಕೆ ತಿರುಗಿಸಿ ಬಿಗಿ ಮಾಡಬಹುದು, ಆದರೆ ಅದನ್ನೇ ನಂಬಿ ಕೈ ಬಿಡಬೇಡಿ. ಪಕ್ಕದಲ್ಲೇ ಗಾಳಿಗೆ ಸೇರುವ ಇಂಧನದ ಪ್ರಮಾಣ ಹೊಂದಿಸುವ ಕೆಂಪು ಮಿಕ್ಸ್ಚರ್ ನಾಬ್ ಇದೆ. ನೋಡದೆ ಅದನ್ನು ಎಳೆದರೆ ಎಂಜಿನ್ ನಿಂತೇ ಹೋಗುತ್ತದೆ. ಸುಮಾರು 55 ನಾಟ್ ವೇಗಕ್ಕೆ ಮೂಗು ಎತ್ತಿದ ಮೇಲೂ, ಸುರಕ್ಷಿತ ಎತ್ತರ ಸಿಗುವ ತನಕ ಕೈ ಅಲ್ಲೇ ಇರಲಿ.

ನಮ್ಮ ಕಡೆಯವರು ಮರೆಯಬಾರದ ವಿಷಯ ಎತ್ತರದ್ದು. ಹಾಸನ 3,000 ಅಡಿಗಿಂತ ಮೇಲಿದೆ, ಚಿಕ್ಕಮಗಳೂರು ಇನ್ನೂ ಮೇಲೆ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣವೂ ಹೆಚ್ಚೂಕಡಿಮೆ 3,000 ಅಡಿಯಲ್ಲೇ ಇದೆ. 3,000 ಅಡಿಗಿಂತ ಮೇಲಿರುವ ರನ್‌ವೇಯಲ್ಲಿ ಟೇಕಾಫ್‌ಗೆ ಮುಂಚೆ ಥ್ರಾಟಲ್ ಪೂರ್ತಿ ಕೊಟ್ಟು, ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಗರಿಷ್ಠವಾಗುವ ತನಕ ಮಿಕ್ಸ್ಚರ್ ಸ್ವಲ್ಪ ಸ್ವಲ್ಪವೇ ಹೊರಗೆಳೆಯಬೇಕು. ಹಾಗೇ ಬಿಟ್ಟರೆ ತೆಳು ಗಾಳಿಗೆ ಇಂಧನ ಹೆಚ್ಚಾಗಿ ಶಕ್ತಿ ಕುಗ್ಗುತ್ತದೆ. ತೆಳು ಗಾಳಿಯಲ್ಲಿ ವೇಗದ ಮೀಟರ್ ಅದೇ 55 ತೋರಿಸಿದರೂ ನೆಲದ ಮೇಲಿನ ವೇಗ ಜಾಸ್ತಿ, ಹಾಗಾಗಿ ರನ್‌ವೇ ಬೇಗ ಮುಗಿಯುತ್ತದೆ.

ಇನ್ನು ಜೆಟ್. ಬೋಯಿಂಗ್ 737ರಲ್ಲಿ ಲಿವರ್‌ಗಳನ್ನು (ಜೆಟ್‌ನ ಥ್ರಾಟಲ್ ಹಿಡಿಗಳು) ಮೊದಲು ಸುಮಾರು 40% ಎನ್1ಗೆ (ಎಂಜಿನ್ ಮುಂದಿನ ಫ್ಯಾನ್ ತಿರುಗುವ ವೇಗ) ತಂದು, ಎರಡೂ ಎಂಜಿನ್ ಸಮವಾದ ಮೇಲೆ ಟೋಗಾ ಎಂಬ ಟೇಕಾಫ್ ಶಕ್ತಿಯ ಗುಂಡಿ ಒತ್ತುತ್ತಾರೆ. ಒಂದು ಎಂಜಿನ್ ಹಿಂದುಳಿದಿರುವಾಗಲೇ ಪೂರ್ತಿ ಕೊಟ್ಟರೆ ವಿಮಾನ ಪಕ್ಕಕ್ಕೆ ಎಳೆಯುತ್ತದೆ. ಟೋಗಾ ಒತ್ತಿದ ಮೇಲೆ ಲಿವರ್ ತಾನೇ ಮುಂದೆ ಹೋಗುತ್ತದೆ. ಅಂಗೈ ಮೇಲೆ ಹಗುರವಾಗಿ ಕೂತಿರಲಿ, ಅಡ್ಡ ಹಿಡಿಯಬೇಡಿ. ಏರ್‌ಬಸ್ 320ರಲ್ಲಿ ಸುಮಾರು 50% ಎನ್1ರಲ್ಲಿ ತಡೆದು, ಆಮೇಲೆ ಲಿವರನ್ನು ಫ್ಲೆಕ್ಸ್ (ತಗ್ಗಿಸಿದ ಟೇಕಾಫ್ ಶಕ್ತಿ) ಅಥವಾ ಟೋಗಾ (ಪೂರ್ತಿ ಶಕ್ತಿ) ಕಚ್ಚಿಗೆ ಕಟಕ್ಕೆಂದು ಕೂರಿಸುತ್ತಾರೆ. ಇಲ್ಲಿ ಲಿವರ್ ತಾನಾಗಿ ಅಲುಗಾಡುವುದಿಲ್ಲ.

ಹಾರಿಸುತ್ತಿರುವುದು ಫಸ್ಟ್ ಆಫೀಸರ್ (ಸಹ ಪೈಲಟ್) ಆಗಿದ್ದರೂ ಸಾಮಾನ್ಯವಾಗಿ ವಿ1 (ಟೇಕಾಫ್ ನಿಲ್ಲಿಸಲು ಶುರು ಮಾಡಬಹುದಾದ ಕೊನೆಯ ವೇಗ) ತನಕ ಲಿವರ್ ಮೇಲೆ ಕ್ಯಾಪ್ಟನ್ ಕೈಯೇ ಇರುತ್ತದೆ, ಯಾಕೆಂದರೆ ಟೇಕಾಫ್ ನಿಲ್ಲಿಸುವ ತೀರ್ಮಾನ ಅವರದು. ನಿಲ್ಲಿಸುವುದಾದರೆ ಆ ಕೈ ಒಂದೇ ಏಟಿಗೆ ಲಿವರನ್ನು ಐಡಲ್‌ಗೆ (ಕನಿಷ್ಠ ಶಕ್ತಿ) ಎಳೆದು, ಅಲ್ಲಿಂದಲೇ ರಿವರ್ಸ್‌ಗೆ (ಎಂಜಿನ್ನಿನ ತಳ್ಳುವಿಕೆ ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವುದು) ಹೋಗಬೇಕು. 737ರಲ್ಲಿ ಇದರ ಜೊತೆ ಲಿವರನ್ನು ತಾನೇ ನಡೆಸುವ ಆಟೋಥ್ರಾಟಲ್ ಬಿಡಿಸುವುದೂ ಸೇರುತ್ತದೆ. ಮರೆತರೆ ಅದು ಲಿವರನ್ನು ಮತ್ತೆ ಮುಂದೆ ದೂಡಬಹುದು.

ವಿ1 ಎಂದು ಕೂಗಿದ ಕೂಡಲೇ ಕೈ ಲಿವರ್ ಬಿಡಬೇಕು. ಆಮೇಲೆ ಢಮ್ ಎಂದು ಸದ್ದಾದರೆ ಗಾಬರಿಯಲ್ಲಿ ಕೈ ತಾನೇ ಹಿಂದಕ್ಕೆ ಎಳೆದುಬಿಡುತ್ತದೆ. ಕೈ ಅಲ್ಲಿರದಿದ್ದರೆ ಎಳೆಯುವ ಮಾತೇ ಇಲ್ಲ. 140 ನಾಟ್ ಎಂದರೆ ಸೆಕೆಂಡಿಗೆ ಸುಮಾರು 72 ಮೀಟರ್; ವಿ1 ದಾಟಿ ಎರಡು ಸೆಕೆಂಡ್ ತಡವಾಗಿ ಬ್ರೇಕ್ ಹಾಕಿದರೆ 140 ಮೀಟರಿಗೂ ಹೆಚ್ಚು ರನ್‌ವೇ ಹೋಯಿತು. ನೆನಪಿಡಿ, ವಿ1 ಯೋಚಿಸಲು ಶುರು ಮಾಡುವ ವೇಗವಲ್ಲ. ನಿಲ್ಲಿಸುವುದಾದರೆ ಆ ಹೊತ್ತಿಗೆ ಕೈ ಕೆಲಸ ಶುರು ಮಾಡಿರಬೇಕು.

ಸೆಸ್ನಾದಲ್ಲಿ ಪಳಗಿದ ಕೈಗೆ ಇದೇ ಕಷ್ಟ. ಮನೆಯ ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡುವಾಗ ವಿ1 ಎಂದು ಬಾಯಲ್ಲಿ ಜೋರಾಗಿ ಹೇಳುತ್ತಲೇ ಕೈ ಎತ್ತಿ. 320ರಲ್ಲಿ ಮತ್ತೆ ಲಿವರ್ ಮುಟ್ಟುವುದು ಮೇಲೇರಿದ ಮೇಲೆ, ಎದುರಿನ ಪರದೆಯಲ್ಲಿ ಎಲ್‌ವಿಆರ್ ಸಿಎಲ್‌ಬಿ (ಲಿವರನ್ನು ಕ್ಲೈಂಬ್‌ಗೆ ತನ್ನಿ ಎಂಬ ಸೂಚನೆ) ಮಿನುಗಿದಾಗ: ಫ್ಲೆಕ್ಸ್‌ನಲ್ಲಿದ್ದರೆ ಆಗ ಒಂದು ಕಚ್ಚು ಹಿಂದೆ, ಮೇಲೇರುವ ಶಕ್ತಿಯ ಕ್ಲೈಂಬ್‌ಗೆ. ಟೋಗಾದಲ್ಲಿದ್ದರೆ ಎರಡು.